ಹದಿನೇಳಕ್ಕೆ ಹೀರೋ, ಇಪ್ಪತ್ತೊಂದಕ್ಕೆ ಬೆಂಚು!
ಛೆಟ್ರಿ ಆದ ಮೇಲೆ ಯಾರು? ಗೌತಮಪುರದಲ್ಲಿ ಮುಗಿಯದ ವಾದ

ಬೆಂಗಳೂರು: ಸುನಿಲ್ ಛೆಟ್ರಿ ಆದ ಮೇಲೆ ಭಾರತಕ್ಕೆ ಗೋಲು ಹೊಡೆಯೋರು ಯಾರು?

ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಟೀ ಅಂಗಡಿಗಳಲ್ಲಿ ಎಷ್ಟು ಬೈಟು ಖಾಲಿಯಾಗಿದೆಯೋ ಲೆಕ್ಕ ಇಟ್ಟವರಿಲ್ಲ. ಊರಿನ ಬೇರೆ ಮೂಲೆಗಳಲ್ಲಿ ಕ್ರಿಕೆಟ್ಟೇ ರಾಜ. ಹಲಸೂರಿನ ಮಗ್ಗುಲಲ್ಲಿರುವ ಗೌತಮಪುರದಲ್ಲಿ ಮಾತ್ರ ಇಂದಿಗೂ ಕಾಲ್ಚೆಂಡಿನದೇ ದರಬಾರು. ಜನ ಕೊಟ್ಟ ಅಡ್ಡಹೆಸರು 'ಮಿನಿ ಬ್ರೆಜಿಲ್'. ಪೆಲೆಗೆ ಪ್ರತಿಮೆ ನಿಲ್ಲಿಸಿದ ಬಡಾವಣೆ ಇದು.

ವಿಶ್ವಕಪ್ಪು ನಾಲ್ಕು ವರ್ಷಕ್ಕೊಮ್ಮೆ ಬರುವ ಜಾತ್ರೆ. ಆಗ ಬ್ರೆಜಿಲ್ಲು, ಅರ್ಜೆಂಟೀನಾ ಅಂತ ಕೂಗಾಡುವುದು ಇದ್ದದ್ದೇ. ಜಾತ್ರೆ ಮುಗಿದ ಮೇಲೆ ಉಳಿಯುವುದು ಮನೆ ಮಾತು, ಅಂದರೆ ನಮ್ಮ ದೇಶದ ಹುಡುಗರ ಮಾತು. ಕನ್ನಡದಲ್ಲಿ ಶುರುವಾಗಿ, ಕಾವೇರಿದಂತೆ ತಮಿಳಿಗೆ ಹೊರಳಿ, ಕೊನೆಗೆ ಎರಡೂ ಬೆರೆತು ನಡೆಯುವ ಈ ವಾದದಲ್ಲಿ ಎರಡು ಪಕ್ಷ.

"ನಲವತ್ತು ವರ್ಷದ ಮನುಷ್ಯನ್ನ ರಿಟೈರ್ ಆದ್ಮೇಲೂ ವಾಪಸ್ ಕರ್ಕೊಂಡ್ ಬಂದ್ರಲ್ಲ, ಇಪ್ಪತ್ತರ ಹುಡುಗರು ಏನ್ ಕಡ್ಲೆಕಾಯಿ ತಿಂತಿದ್ರಾ?" ಎಂಬುದು ಒಂದು ಪಕ್ಷದ ಗುಡುಗು.

"ಆಡೋಕೆ ಬಿಟ್ರೆ ತಾನೆ ಅಣ್ಣಾ? ವರ್ಷವೆಲ್ಲಾ ಬೆಂಚಿನ ಮೇಲೆ ಕೂರಿಸಿ, ಒಂದಿನ ಎಬ್ಬಿಸಿ ಗೋಲ್ ಹೊಡಿ ಅಂದ್ರೆ ಹೆಂಗ್ ಹೊಡೀತಾನೆ?" ಎಂಬುದು ಎದುರು ಪಕ್ಷದ ಜವಾಬು.

ಎರಡರಲ್ಲೂ ಹುರುಳಿದೆ. ಯಾವುದು ಎಷ್ಟು ಎಂಬುದೇ ಪ್ರಶ್ನೆ.

ಹೋದವರು ಮತ್ತೆ ಬಂದರು

ಛೆಟ್ರಿ ಭಾರತದ ಪರ ಮೊದಲ ಪಂದ್ಯ ಆಡಿದ್ದು 2005ರಲ್ಲಿ, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಆ ದಿನವೇ ಗೋಲು ಹೊಡೆದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಕಣ್ಣೀರಿನೊಂದಿಗೆ ವಿದಾಯ ಹೇಳಿದಾಗ ಅವರ ಖಾತೆಯಲ್ಲಿದ್ದ ಗೋಲು 94. ಆ ಪಂದ್ಯ ಗೋಲಿಲ್ಲದೆ ಮುಗಿದಿತ್ತು.

ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಕರೆ ಹೋಯಿತು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಇಳಿದರು, 95ನೆಯದನ್ನೂ ಹೊಡೆದರು. ಅದೇ ಋತುವಿನ ಐ.ಎಸ್.ಎಲ್.ನಲ್ಲಿ ಬೆಂಗಳೂರು ಎಫ್.ಸಿ. ಪರ ಅವರು ಹೊಡೆದ ಗೋಲು 14. ಭಾರತೀಯರ ಪೈಕಿ ಅವರದೇ ಮೊದಲ ಸ್ಥಾನ.

ಅಭಿಮಾನಿಗಳು ಚಪ್ಪಾಳೆ ಹೊಡೆದರು, ನಿಜ. ಆದರೆ ಚಪ್ಪಾಳೆ ನಿಂತ ಮೇಲೆ ಯೋಚನೆ ಹತ್ತಿತು. ತಾತ ದುಡಿದು ಸಂಸಾರ ಸಾಕುತ್ತಿದ್ದಾರೆ ಅಂದರೆ ತಾತನನ್ನು ಹೊಗಳಬೇಕೋ, ಮೊಮ್ಮಕ್ಕಳ ಗತಿ ನೋಡಿ ಮರುಗಬೇಕೋ?

ಫಲಿತಾಂಶವೂ ಕೈಕೊಟ್ಟಿತು. 2025ರ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರ ಎದುರು 1-2ರಿಂದ ಸೋತು, 2027ರ ಏಷ್ಯಾ ಕಪ್‌ನ ಬಾಗಿಲು ಮುಚ್ಚಿತು. ಮುಂದಿನ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ 0-1 ಸೋಲು. 2023ರ ಜುಲೈನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿ ಸ್ಯಾಫ್ ಕಪ್ ಎತ್ತಿದ್ದ ತಂಡ ಇದು. ಆ ತಿಂಗಳು ವಿಶ್ವ ರ‍್ಯಾಂಕಿಂಗ್‌ನಲ್ಲಿ ನೂರರೊಳಗೆ ಬಂದಿದ್ದ ಭಾರತ, 2025 ಮುಗಿಯುವ ಹೊತ್ತಿಗೆ 140ರ ಆಚೆಗೆ ಜಾರಿತ್ತು.

ಆ ಕಾರ್ನರ್ ಕಿಕ್

ವಾದ ಇಲ್ಲಿಗೆ ಬಂದಾಗ ಯಾರಾದರೊಬ್ಬರು 2017 ಎತ್ತಿಯೇ ಎತ್ತುತ್ತಾರೆ.

ಆ ವರ್ಷ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಅಕ್ಟೋಬರ್ 9ರಂದು ದೆಹಲಿಯಲ್ಲಿ ಕೊಲಂಬಿಯಾ ಎದುರು ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟು ಹೊಡೆದ ಗೋಲು, ಫಿಫಾ ವಿಶ್ವಕಪ್ಪುಗಳ ಇತಿಹಾಸದಲ್ಲೇ ಭಾರತದ ಮೊದಲ ಗೋಲು. ಮರುಕ್ಷಣವೇ ಕೊಲಂಬಿಯಾ ಇನ್ನೊಂದು ಹೊಡೆದು 2-1ರಿಂದ ಗೆದ್ದದ್ದು ಬೇರೆ ಮಾತು.

ಆ ಗೋಲಿಗೆ ಕಾರ್ನರ್ ಕಿಕ್ ಹಾಕಿದ ಹುಡುಗ ಯಾರು? ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್. ರಸ್ತೆ ಬದಿ ಬಟ್ಟೆ ಮಾರುವ ದಂಪತಿಯ ಮಗ ಎಂದು ಆಗ ಪತ್ರಿಕೆಗಳು ಬರೆದವು. ಅಮೆರಿಕ, ಕೊಲಂಬಿಯಾ, ಘಾನಾ ಮೂರರ ಎದುರೂ ಸೋತು ಹೊರಬಿದ್ದರೂ ಆ 21 ಹುಡುಗರು ಮನೆ ಮಾತಾದರು. 'ಇವರೇ ನಾಳಿನ ಭಾರತ' ಎಂದು ಎಲ್ಲರೂ ಷರಾ ಬರೆದಿದ್ದೂ ಆಯಿತು.

ಆ ನಾಳೆ ಬಂದಾಗ ಏನಾಯಿತು? ಜೀಕ್ಸನ್, ಸುರೇಶ್ ಸಿಂಗ್, ಅನ್ವರ್ ಅಲಿ ಹಿರಿಯರ ತಂಡಕ್ಕೆ ಬಂದರು. ಸುರೇಶ್ ಬೆಂಗಳೂರು ಎಫ್.ಸಿ.ಯ ನಡುಪಡೆಯಲ್ಲಿ ಬೆವರು ಸುರಿಸಿದ್ದನ್ನು ಕಂಠೀರವದ ಗ್ಯಾಲರಿ ಕಂಡಿದೆ. ಅನ್ವರ್ ಕಥೆಯಂತೂ ಸಿನಿಮಾ ಕಥೆ. ಹೃದಯದ ತೊಂದರೆ ಇದೆ, ಆಡಬೇಡ ಎಂದವರ ಎದುರು ಕೋರ್ಟಿನವರೆಗೆ ಹೋಗಿ, ಮತ್ತೆ ಬೂಟು ಕಟ್ಟಿ 2022ರಲ್ಲಿ ದೇಶದ ಅಂಗಿ ತೊಟ್ಟ ಹುಡುಗ ಆತ. ಸಂಜೀವ್ ಪೋರ್ಚುಗಲ್‌ವರೆಗೆ ಹೋಗಿ ಬಂದು ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿ ಸೇರಿದರು.

ಇನ್ನು ಕೆಲವರು ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದರು. ಕೆಲವರ ಹೆಸರು ಈಗ ಹೇಳಿದರೆ "ಯಾವ ಹುಡುಗ ಅದು?" ಎಂದು ಕೇಳುವ ಸ್ಥಿತಿ.

"ನೋಡಿದ್ರಾ, ಅದಕ್ಕೇ ಹೇಳಿದ್ದು. ಸರಕು ಇರ್ಲಿಲ್ಲ" ಎಂದು ಮೊದಲ ಪಕ್ಷ ಮೇಜು ಕುಟ್ಟುತ್ತದೆ. "ಪೆಲೆ ಹದಿನೇಳಕ್ಕೇ ವಿಶ್ವಕಪ್ ಗೆದ್ದ ಗುರೂ. ಸ್ಪೇನಿನ ಯಮಾಲ್ 2024ರಲ್ಲಿ ಯೂರೋ ಕಪ್ ಎತ್ತಿದಾಗ ಹದಿನೇಳು ತುಂಬಿ ಒಂದೇ ದಿನ."

ಸರಿ. ಆದರೆ ಪೆಲೆ ಹದಿನೇಳಕ್ಕೆ ಆಕಾಶದಿಂದ ಉದುರಿದವನಲ್ಲ. 1956ರಲ್ಲಿ, ಹದಿನೈದನೇ ವಯಸ್ಸಿಗೇ ಸ್ಯಾಂಟೋಸ್ ಕ್ಲಬ್ಬಿನ ದೊಡ್ಡವರ ತಂಡದಲ್ಲಿ ಆಡಿದ್ದ. 1958ರ ವಿಶ್ವಕಪ್‌ಗೆ ಹೋಗುವ ಮೊದಲು ದೊಡ್ಡವರ ಮೊಣಕೈ ಏಟು ತಿಂದು ಪಳಗಿದ್ದ. ಯಮಾಲ್ ಕೂಡ ಬಾರ್ಸಿಲೋನಾ ತಂಡಕ್ಕೆ ಇಳಿದದ್ದು ಹದಿನೈದಕ್ಕೆ. ನಮ್ಮ ಹುಡುಗನಿಗೆ ಹದಿನೇಳರಿಂದ ಇಪ್ಪತ್ತೊಂದರವರೆಗೆ ವರ್ಷಕ್ಕೆ ಎಷ್ಟು ಗಟ್ಟಿ ಪಂದ್ಯ ಸಿಗುತ್ತದೆ? ವಾದದ ಗಂಟು ಇರುವುದೇ ಇಲ್ಲಿ.

ಮುಚ್ಚಿದ ಅಂಗಡಿ

ಈ ಗಂಟು ಬಿಚ್ಚಲು ಒಂದು ಪ್ರಯತ್ನ ಆಗಿತ್ತು. ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಹುಡುಗರದೇ ಒಂದು ತಂಡ ಕಟ್ಟಿತು. ಅದೇ ಮುಂದೆ ಇಂಡಿಯನ್ ಆರೋಸ್. 2017ರ ವಿಶ್ವಕಪ್ ಮುಗಿದ ಬೆನ್ನಿಗೇ ಆ ಹುಡುಗರಲ್ಲಿ ಬಹಳ ಮಂದಿಯನ್ನು ಇದೇ ತಂಡದಲ್ಲಿ ಐ-ಲೀಗ್‌ಗೆ ಇಳಿಸಲಾಯಿತು. ಸೋತರೂ ಗೆದ್ದರೂ ದೊಡ್ಡವರೊಂದಿಗೆ ಆಟವಂತೂ ಸಿಕ್ಕಿತು. ಜೀಕ್ಸನ್, ಸುರೇಶ್, ಅನ್ವರ್, ಸಂಜೀವ್ ಎಲ್ಲ ಆ ಗರಡಿಯಲ್ಲೇ ಸಾಮು ಮಾಡಿದವರು.

2022ರಲ್ಲಿ ಆ ಅಂಗಡಿಗೆ ಬಾಗಿಲು ಹಾಕಿದರು.

ಇನ್ನು ಐ.ಎಸ್.ಎಲ್. ಕ್ಲಬ್ಬುಗಳ ಕಥೆ. ಏಕಕಾಲಕ್ಕೆ ಮೈದಾನದಲ್ಲಿ ಐದು ವಿದೇಶಿಯರು ಎಂಬುದನ್ನು 2021-22ರಲ್ಲಿ ನಾಲ್ಕಕ್ಕೆ ಇಳಿಸಿದರು. ಒಳ್ಳೆಯದೇ. ಆದರೆ ಕ್ಲಬ್ಬಿನವರು ದುಡ್ಡು ಸುರಿದು ವಿದೇಶಿಯನ್ನು ತರುವುದು ಯಾವ ಜಾಗಕ್ಕೆ? ಹೆಚ್ಚಾಗಿ ಗೋಲು ಹೊಡೆಯುವ ಜಾಗಕ್ಕೇ. ಹಾಗಾಗಿ ನಮ್ಮ ಹುಡುಗ ಒಂದೋ ಪಕ್ಕದಲ್ಲಿ ಓಡಬೇಕು, ಇಲ್ಲವೇ ಬೆಂಚಿನಲ್ಲಿ ಕೂರಬೇಕು. ಛೆಟ್ರಿ ಆದ ಮೇಲೆ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದಿರುವುದಕ್ಕೆ ದೊಡ್ಡ ಕಾರಣ ಇದೇ.

ಅವಕಾಶ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಕಂಠೀರವದಲ್ಲೇ ಸಾಕ್ಷಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು ಬೆಂಗಳೂರು ಎಫ್.ಸಿ. 1-0ಯಿಂದ ಗೆದ್ದಿತು. ಆ ಒಂದು ಗೋಲು ಹತ್ತೊಂಬತ್ತರ ಹುಡುಗ ವಿನೀತ್ ವೆಂಕಟೇಶ್‌ದು. ಮರುದಿನ ಬೆಳಿಗ್ಗೆ ಬಸ್ಸುಗಳಲ್ಲಿ ಆ ಹೆಸರೇ ಹೆಸರು.

ಈ ಮಧ್ಯೆ 2025ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಲೀಗ್ ನಡೆಸುವ ಒಪ್ಪಂದದ ತಕರಾರಿನಿಂದ 2025-26ರ ಐ.ಎಸ್.ಎಲ್. ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಬೆಂಗಳೂರು ಎಫ್.ಸಿ. ಕೂಡ ಆಟಗಾರರ ಸಂಬಳ ತಡೆಹಿಡಿಯುವ ಸ್ಥಿತಿ ಬಂತು. ದೊಡ್ಡ ಆಟಗಾರ ಹೇಗೋ ತಡೆದುಕೊಂಡಾನು. ಹತ್ತೊಂಬತ್ತರ ಹುಡುಗನಿಗೆ ಹೋದ ಆರು ತಿಂಗಳು ಹೋದದ್ದೇ. ಅರ್ಧ ವರ್ಷ ಷಟರ್ ಎಳೆದ ಅಂಗಡಿಯ ಗಿರಾಕಿ ಏನಾಗುತ್ತಾನೆ ಎಂಬುದನ್ನು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಆಟಗಾರ ರಯಾನ್ ವಿಲಿಯಮ್ಸ್ ಭಾರತದ ಪೌರತ್ವ ಪಡೆದರು. ವಯಸ್ಸು ಮೂವತ್ತು ದಾಟಿದೆ. "ಬರ್ಲಿ ಬಿಡಿ, ಗೆಲ್ಲೋದು ಮುಖ್ಯ" ಎಂದರು ಕೆಲವರು. "ಹೊರಗಿಂದ ತಂದ ಅನ್ನದಲ್ಲಿ ಎಷ್ಟು ದಿನ ಮನೆ ನಡೆಯುತ್ತೆ?" ಎಂದರು ಇನ್ನು ಕೆಲವರು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಬರಿಗಾಲಿನ ಕಾಲ

ಹಳೆಯ ತಲೆಗಳು ಬಾಯಿ ತೆರೆಯುವುದು ಈಗ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ ಎರಡು ಪೆನಾಲ್ಟಿ ಹಾಳುಮಾಡಿಕೊಂಡು 1-2ರಿಂದ ಸೋತಿತು. ಬಹುಪಾಲು ಬರಿಗಾಲಿನ ಆ ತಂಡದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ಹತ್ತು ಗೋಲು ಜಡಿದಾಗ ನಮ್ಮ ಮಾನ ಉಳಿಸಿದ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್‌ದು. ಭಾರತ ನಾಲ್ಕನೇ ಸ್ಥಾನ ಪಡೆದ 1956ರ ಮೆಲ್ಬರ್ನ್ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು.

"ಆ ಕಾಲದ ಹುಡುಗರಿಗೆ ಆಟದ ಹಿಂದೆ ಅನ್ನ ಇತ್ತು ಸಾರ್" ಎನ್ನುವುದು ಹಳಬರ ಮಾತು. ಕಾಲು ಚುರುಕಿದ್ದ ಹುಡುಗನಿಗೆ ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತಿತ್ತು. ಎರಡೂ ತಂಡಗಳು ರಾಷ್ಟ್ರೀಯ ಮಟ್ಟದ ಲೀಗ್‌ನಲ್ಲೂ ಆಡಿದವು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ತಿಂಗಳ ಕೊನೆಗೆ ಸಂಬಳ. ಗಾಯವಾದರೂ ಮನೆಯ ಒಲೆ ಆರುತ್ತಿರಲಿಲ್ಲ. ಅಂಥ ನೌಕರಿ ಕಡಿಮೆಯಾದಂತೆ ತಾಯಿ ತಂದೆಯರ ಲೆಕ್ಕವೂ ಬದಲಾಯಿತು. ಎಸ್.ಎಸ್.ಎಲ್.ಸಿ. ಆದ ಮಗ ಬೂಟು ಕೊಡಿಸಿ ಅಂದರೆ, "ಮೊದಲು ಪಿಯುಸಿ ಮುಗಿಸಪ್ಪ" ಎನ್ನುವ ಅಪ್ಪನನ್ನು ತಪ್ಪು ಅನ್ನುವುದು ಹೇಗೆ?

ಪ್ರತಿಭೆ ಬತ್ತಿಲ್ಲ ಎಂಬುದಕ್ಕೆ ಪುರಾವೆ ಬೇಕೇ? 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ, 54 ವರ್ಷಕ್ಕೆ ಬಂದ ಕಪ್ಪು ಅದು.

ಹುಡುಗಿಯರನ್ನು ಈ ವಾದದಲ್ಲಿ ಯಾರೂ ನೆನೆಯುವುದೇ ಇಲ್ಲ. ಗಂಡಸರ ತಂಡ ಏಷ್ಯಾ ಕಪ್ ಕೈಬಿಟ್ಟ 2025ರಲ್ಲೇ ಹೆಂಗಸರ ತಂಡ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಮಣಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. 20 ವರ್ಷದೊಳಗಿನ ಹುಡುಗಿಯರೂ ತಮ್ಮ ಏಷ್ಯಾ ಕಪ್‌ಗೆ ದಾರಿ ಮಾಡಿಕೊಂಡರು. ಟೀ ಅಂಗಡಿಯ ಗಂಡಸರು ಇದನ್ನೂ ಒಂದಿಷ್ಟು ತಲೆಗೆ ಹಾಕಿಕೊಂಡರೆ ಒಳಿತು.

ಇರಾನ್ ಹೇಳುವ ಪಾಠ

ಈಗ ಹೊಸ ಆಸೆ ಹುಟ್ಟಿಸಿರುವುದು ಹದಿನೇಳರೊಳಗಿನ ಇನ್ನೊಂದು ಗುಂಪು. 2025ರ ನವೆಂಬರ್ 30ರಂದು ಅಹಮದಾಬಾದ್‌ನಲ್ಲಿ ಈ ಹುಡುಗರು ಇರಾನ್ ತಂಡವನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಇರಾನ್ ಅಂದರೆ ಏಷ್ಯಾದ ಘಟಾನುಘಟಿ. ಅಭಿಮಾನಿಗಳು ಕುಣಿದಾಡಿದ್ದು ಸಹಜ.

ಆದರೆ ಹಳೆಯ ಪುಟ ಒಂದನ್ನು ತಿರುವಿ ನೋಡಬೇಕು. 1974ರಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯಾ ಯುವಕರ ಚಾಂಪಿಯನ್‌ಷಿಪ್ ಫೈನಲ್. ಶಬ್ಬೀರ್ ಅಲಿ ನಾಯಕತ್ವದ ಭಾರತಕ್ಕೆ ಎದುರಾಳಿ ಇದೇ ಇರಾನ್. ಪಂದ್ಯ 2-2ರಲ್ಲಿ ನಿಂತು ಕಪ್ಪನ್ನು ಇಬ್ಬರಿಗೂ ಹಂಚಿದರು. ಅಂದರೆ ಅಂದು ನಮ್ಮ ಹುಡುಗರು, ಅವರ ಹುಡುಗರು ಸರಿಸಮ.

ನಾಲ್ಕೇ ವರ್ಷಕ್ಕೆ, 1978ರಲ್ಲಿ, ಇರಾನ್ ದೊಡ್ಡವರ ವಿಶ್ವಕಪ್ ಆಡಿತು. ಆಮೇಲೂ ಹಲವು ಸಲ ಹೋಗಿ ಬಂತು. ಭಾರತ ಇದುವರೆಗೆ ಒಂದೂ ವಿಶ್ವಕಪ್ ಆಡಿಲ್ಲ. ಹುಡುಗರ ಕಾಲಿನಲ್ಲಿ ವ್ಯತ್ಯಾಸ ಇರಲಿಲ್ಲ. ಹುಡುಗರು ದೊಡ್ಡವರಾಗುವ ಆ ನಾಲ್ಕು ವರ್ಷ ಅವರನ್ನು ಯಾರು, ಹೇಗೆ ನೋಡಿಕೊಂಡರು ಎಂಬುದರಲ್ಲಿ ಇತ್ತು.

ಅಹಮದಾಬಾದ್‌ನಲ್ಲಿ ಗೆದ್ದ ಹುಡುಗರಿಗೆ ಈಗ ಶುರುವಾಗುವುದು ಅದೇ ನಾಲ್ಕು ವರ್ಷ. ಕ್ಲಬ್ಬಿನವರು ಬೆಂಚಿನಿಂದ ಎಬ್ಬಿಸುತ್ತಾರೆಯೇ? ಮುಚ್ಚಿದ ಆರೋಸ್‌ನಂಥದನ್ನು ಫೆಡರೇಷನ್ ಮತ್ತೆ ತೆರೆಯುತ್ತದೆಯೇ? ಲೀಗ್ ಹೊತ್ತಿಗೆ ಸರಿಯಾಗಿ ನಡೆಯುತ್ತದೆಯೇ? ಇದಕ್ಕೆ ಉತ್ತರ ಕೊಡಬೇಕಾದವರು ಬಹಳ ಮೇಲಿದ್ದಾರೆ.

ಕೆಳಗಿದ್ದವರು ಮಾಡಬಹುದಾದ ಕೆಲಸವೂ ಒಂದಿದೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಜಿಲ್ಲಾ ಲೀಗ್ ಪಂದ್ಯಗಳು ನಡೆಯುತ್ತವೆ. ಹದಿನೆಂಟು ಇಪ್ಪತ್ತರ ಹುಡುಗರು ಬೆವರಿಳಿಸಿ ಆಡುತ್ತಾರೆ. ಗ್ಯಾಲರಿಯಲ್ಲಿ ಜಾಗಕ್ಕೇನೂ ಬರವಿಲ್ಲ. ಶಿವಾಜಿನಗರದಿಂದ ಬಸ್ಸು ಹತ್ತಿದರೆ ದೂರವೂ ಅಲ್ಲ. ಪೆಲೆಗೆ ಪ್ರತಿಮೆ ಕಟ್ಟಿದ ಊರಿಗೆ ಪಕ್ಕದ ಬೀದಿಯ ಹುಡುಗನ ಆಟ ನೋಡಲು ವಾರಕ್ಕೊಂದು ಸಂಜೆ ಬಿಡುವಾಗದೇ?