ನಾಲ್ಕು ತಂತಿಯ ಲೆಕ್ಕಾಚಾರ

ರಾಮನವಮಿ ಹತ್ತಿರವಾದಂತೆ ಚಾಮರಾಜಪೇಟೆಯಲ್ಲಿ ಸಂಗೀತದ ಗಾಳಿ ಬೀಸತೊಡಗುತ್ತದೆ. ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ಉತ್ಸವ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ದೇಶದಾದ್ಯಂತ ಹೆಸರು ತಂದಿತು. ಬಸವನಗುಡಿಯ ಕಡೆ ನಡೆದರೆ ಕೃಷ್ಣರಾಜೇಂದ್ರ ರಸ್ತೆಯಲ್ಲಿ 1905ರಷ್ಟು ಹಳೆಯದಾದ ಗಾಯನ ಸಮಾಜ. ಒಟ್ಟಿನಲ್ಲಿ ಇದು ವೀಣೆ, ಪಿಟೀಲು, ಮೃದಂಗಗಳ ಸೀಮೆ. ಅದೇ ಬೀದಿಗಳಲ್ಲಿ ಸಂಜೆ ಹೊತ್ತು ಬೆನ್ನಿಗೆ ಕಪ್ಪು ಚೀಲ ಏರಿಸಿಕೊಂಡು ಹೊರಟ ಹುಡುಗ ಹುಡುಗಿಯರೂ ಕಾಣುತ್ತಾರೆ. ಚೀಲ ಮಾಮೂಲಿಗಿಂತ ಒಂದು ಗೇಣು ಉದ್ದವಾಗಿದ್ದರೆ ಒಳಗಿರುವುದು ಬಾಸ್ ಗಿಟಾರ್ ಎಂದು ತಿಳಿಯಬಹುದು.

‘ಗಿಟಾರ್ ಕೊಡಿಸಿ’ ಎನ್ನುವ ಮಗನಿಗೆ ಉತ್ತರ ಹೇಳುವುದು ಸುಲಭ. ‘ಕೊಡಿಸಬೇಡಿ, ನಾನೇ ಕಟ್ಟುತ್ತೇನೆ’ ಎಂದರೆ ಏನು ಮಾಡುವುದು? ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಇಂಥ ಮಾತು ಏಳುವುದುಂಟು. ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ಇದು ದುಡ್ಡು ಉಳಿಸುವ ದಾರಿಯಲ್ಲ. ಕಲಿಯುವವರಿಗೆಂದೇ ಕಾರ್ಖಾನೆಯಲ್ಲಿ ತಯಾರಾದ ಬಾಸ್, ಬಿಡಿಭಾಗ ಕೊಂಡು ಕಟ್ಟಿದ ಬಾಸ್‌ಗಿಂತ ಸಾಮಾನ್ಯವಾಗಿ ಅಗ್ಗ. ಕಟ್ಟುವವರು ಕಟ್ಟುವುದು ತಮ್ಮ ಕೈ ಅಳತೆಗೆ, ತಮ್ಮ ಕಿವಿಗೆ ಒಪ್ಪುವ ವಾದ್ಯ ಬೇಕೆಂದು, ಇಲ್ಲವೇ ಅದು ಹೇಗೆ ನುಡಿಯುತ್ತದೆಂಬ ಕುತೂಹಲದಿಂದ. ಈ ಎರಡನೆಯ ಕಾರಣವೇ ಹೆಚ್ಚು ಬೆಲೆಯುಳ್ಳದ್ದು.

ಈ ವಾದ್ಯ ಹುಟ್ಟಿದ್ದೂ ರಿಪೇರಿ ಅಂಗಡಿಯ ಬುದ್ಧಿಯಿಂದಲೇ. ಅಮೆರಿಕದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಸ್ವತಃ ಗಿಟಾರ್ ನುಡಿಸಲು ಬಾರದು. ಆಳೆತ್ತರದ ಡಬಲ್ ಬಾಸನ್ನು ಊರಿಂದೂರಿಗೆ ಹೊತ್ತೊಯ್ಯುವ ಕಷ್ಟ ಕಂಡು, ಅವರು 1951ರಲ್ಲಿ ಹೆಗಲಿಗೆ ತೂಗುಹಾಕಿಕೊಳ್ಳುವ ವಿದ್ಯುತ್ ಬಾಸನ್ನು ಮಾರುಕಟ್ಟೆಗೆ ತಂದರು. ಮೆಟ್ಟಿಲುಗಳಿರುವುದರಿಂದ ಸ್ವರ ತಪ್ಪದೆ ನಿಖರವಾಗಿ ಬೀಳುತ್ತದೆಂದು ಅದಕ್ಕೆ ‘ಪ್ರಿಸಿಷನ್’ ಎಂದೇ ಹೆಸರು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ನುಡಿಸಿದಾಗ ಸ್ಟೀವ್ ಹ್ಯಾರಿಸ್ ಕೈಯಲ್ಲಿ ಮೊಳಗಿದ್ದು ಆ ವಂಶದ ವಾದ್ಯವೇ.

ವೀಣೆ ಬಲ್ಲ ಮನೆಯವರಿಗೆ ಬಾಸ್ ಅಷ್ಟೇನೂ ಪರಕೀಯವಲ್ಲ. ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು (ತಾಳದ ಮೂರು ಬೇರೆ), ಬಾಸ್‌ನಲ್ಲೂ ನಾಲ್ಕು. ವೀಣೆಗೆ 24 ಮೆಟ್ಟಿಲು. ಬಾಸ್‌ಗೆ 20ರಿಂದ 24. ಬಿರಡೆಯಿದೆ, ಕುದುರೆಯಿದೆ. ವ್ಯತ್ಯಾಸವಿರುವುದು ಒಡಲಿನಲ್ಲಿ. ಹಲಸಿನ ಮರವನ್ನು ಟೊಳ್ಳು ಕೊರೆದು ಮಾಡಿದ ವೀಣೆಯ ಕೊಡ ತಾನೇ ದನಿಯನ್ನು ತುಂಬಿಕೊಡುತ್ತದೆ. ಬಾಸ್‌ನ ಒಡಲು ಗಟ್ಟಿ ಹಲಗೆ. ಉಕ್ಕಿನ ತಂತಿಯ ಕಂಪನವನ್ನು ಅದರಡಿಯ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಇದೇ ಪಿಕಪ್. ಆದ್ದರಿಂದ ‘ಯಾವ ಮರದಲ್ಲಿ ಮಾಡಿಸಲಿ?’ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆಯಾದರೂ, ದುಡ್ಡು ಸುರಿಯಬೇಕಾದ ಜಾಗ ಅದಲ್ಲ.

ಒಡಲಿನ ಮರವನ್ನು ತೂಕ ನೋಡಿ ಆರಿಸಿದರೆ ಸಾಕು. ಒಡಲಿನ ಗಾತ್ರ ಸುಮಾರು 4.8 ಲೀಟರ್ ಎಂದಿಟ್ಟುಕೊಳ್ಳೋಣ. ಬೀಟೆಯ ಸಾಂದ್ರತೆ ಲೀಟರಿಗೆ ಹೆಚ್ಚುಕಡಿಮೆ 850 ಗ್ರಾಂ. ಒಡಲೊಂದೇ ನಾಲ್ಕು ಕಿಲೋ ದಾಟುತ್ತದೆ. ಹಲಸು ಅಥವಾ ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಆದರೆ ಲೀಟರಿಗೆ 600 ಗ್ರಾಂ ಆಸುಪಾಸು. ಮೂರು ಕಿಲೋ ಒಳಗೇ ಮುಗಿಯುತ್ತದೆ. ಹೆಬ್ಬೇವು ಇನ್ನೂ ಹಗುರ, ಆದರೆ ಮೆತು. ಸ್ಕ್ರೂ ಭದ್ರವಾಗಿ ಕೂರುವುದು ಕಷ್ಟ. ಎರಡು ಗಂಟೆ ಹೆಗಲ ಮೇಲೆ ಹೊರಬೇಕಾದವರು ಈ ಗುಣಾಕಾರ ಮಾಡಿ ನೋಡಲಿ. ಇಡೀ ವಾದ್ಯ ನಾಲ್ಕು ಕಿಲೋ ಸುತ್ತಮುತ್ತ ನಿಂತರೆ ಒಳ್ಳೆಯದು.

ಮರ ಯಾವುದಾದರೂ ಇರಲಿ, ಚೆನ್ನಾಗಿ ಒಣಗಿರಬೇಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ತಂದ ದಿನವೇ ಕೊಯ್ಯಲು ಕೂತರೆ ಹಲಗೆ ಆಮೇಲೆ ತಿರುಚಿಕೊಂಡು ಸೇಡು ತೀರಿಸಿಕೊಳ್ಳುತ್ತದೆ. ತೇವಾಂಶ ಶೇಕಡಾ 8ರಿಂದ 12ರೊಳಗೆ ಇರಬೇಕು. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಮೈಸೂರು ಸಂಸ್ಥಾನದ ಕಾಲದ ಅರಣ್ಯ ಸಂಶೋಧನಾ ಪ್ರಯೋಗಾಲಯ 1988ರಲ್ಲಿ ಈ ಹೆಸರು ಪಡೆಯಿತು. ಮರಗಳ ಗುರುತು, ಗುಣ, ಒಣಗಿಸುವ ಬಗೆಗಳೇ ಅಲ್ಲಿನ ವ್ಯಾಸಂಗ. ಹತ್ತಿರದಲ್ಲೇ ಮನೆಯಿದ್ದೂ ಆ ಗೇಟಿನೊಳಗೆ ಏನಿದೆಯೆಂದು ತಿಳಿಯದ ವಿದ್ಯಾರ್ಥಿಗಳೇ ಹೆಚ್ಚು.

ಬೀಟೆಯನ್ನು ಪೂರ್ತಿ ಬಿಡಬೇಕೆಂದಿಲ್ಲ. ಅದರ ನಿಜವಾದ ಜಾಗ ಫಿಂಗರ್‌ಬೋರ್ಡ್, ಅಂದರೆ ಬೆರಳೋಡುವ ಆರು ಮಿಲಿಮೀಟರ್ ದಪ್ಪದ ಪಟ್ಟಿ. ಬ್ರೆಜಿಲ್ ದೇಶದ ಬೀಟೆ 1960ರ ದಶಕದ ಕೊನೆಯಲ್ಲಿ ದುರ್ಲಭವಾದಾಗ ಜಗತ್ತಿನ ಗಿಟಾರ್ ಕಾರ್ಖಾನೆಗಳು ಕೈಚಾಚಿದ್ದು ನಮ್ಮ ಪಶ್ಚಿಮಘಟ್ಟದ ಬೀಟೆಯತ್ತ. ಈಗ ಅದಕ್ಕೂ ಕಾವಲಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದ 2017ರಲ್ಲಿ ಬೀಟೆಯ ಕುಲವನ್ನೆಲ್ಲ ನಿಯಂತ್ರಣಕ್ಕೆ ತಂದಿತು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟಿತು. ಬಿಡಿ ಮರಕ್ಕೆ ವಿನಾಯಿತಿಯಿಲ್ಲ. ಮುಂದೆ ವಿದೇಶಕ್ಕೆ ಓದಲು ಹೋಗುವ ಮಕ್ಕಳು ಇದನ್ನು ನೆನಪಿಡಬೇಕು. ಅಧಿಕೃತ ಮಾರಾಟಗಾರರಿಂದಲೇ ಕೊಂಡು ರಸೀದಿ ಜೋಪಾನ ಮಾಡಲಿ. ಬೀಟೆಯ ಹುಡಿ ಉಸಿರಿಗೆ, ಚರ್ಮಕ್ಕೆ ಆಗಿಬರುವುದಿಲ್ಲ. ಉಜ್ಜುವಾಗ ಮುಖಗವಸು ಕಡ್ಡಾಯ.

ಮೇಣವಲ್ಲ, ಮರ

ಎಡವುವ ಜಾಗ ಮೆಟ್ಟಿಲಿನದು. ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ಸರಿಯದಿದ್ದರೆ ಬಲ್ಲವರು ಮತ್ತೆ ಮೇಳ ಕಟ್ಟುತ್ತಾರೆ. ಗಿಟಾರ್‌ನಲ್ಲಿ ಗರಗಸ ಒಮ್ಮೆ ಇಳಿಯಿತೋ ಮುಗಿಯಿತು. ಆದ್ದರಿಂದ ಲೆಕ್ಕ ಕಾಗದದ ಮೇಲೆಯೇ ಸರಿಯಾಗಬೇಕು. ಬಾಸ್‌ನ ತಂತಿ ಸಾಮಾನ್ಯವಾಗಿ 34 ಇಂಚು, ಎಂದರೆ 863.6 ಮಿಲಿಮೀಟರ್. ಇದನ್ನು 17.817ರಿಂದ ಭಾಗಿಸಿದರೆ 48.5, ತಲೆಯ ಕಡೆಯ ನಟ್‌ನಿಂದ ಮೊದಲ ಮೆಟ್ಟಿಲು ಅಷ್ಟು ದೂರ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 431.8ಕ್ಕೆ ಬೀಳುತ್ತದೆ, ಅಲ್ಲಿ ಮೇಲಿನ ಷಡ್ಜ. ಈ 17.817 ಎಲ್ಲಿಂದ ಬಂತು? ಎರಡರ ಹನ್ನೆರಡನೆಯ ಮೂಲದಿಂದ. ಪಿಯುಸಿ ವಿದ್ಯಾರ್ಥಿಗಳು ಗುಣೋತ್ತರ ಶ್ರೇಢಿಯನ್ನು ಕೈಯಲ್ಲಿ ಮುಟ್ಟಿ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ಸಿಗಲಾರದು. ಮೆಟ್ಟಿಲಿನ ತಂತಿ ಯಾವ ಲೋಹ ಎಂದರೆ, ನಮ್ಮ ಮನೆಗಳ ಅಟ್ಟದಲ್ಲಿ ಪಾತ್ರೆಗಳಾಗಿ ಕೂತಿರುವ ಜರ್ಮನ್ ಸಿಲ್ವರ್! ಹೆಸರಿನಲ್ಲಿ ಬೆಳ್ಳಿಯಿದ್ದರೂ ಒಳಗಿರುವುದು ತಾಮ್ರ, ಸತು, ನಿಕ್ಕಲ್.

ನಾಲ್ಕು ತಂತಿಗಳೂ ಸೇರಿ ಕತ್ತಿನ ಮೇಲೆ 70ರಿಂದ 80 ಕಿಲೋ ಭಾರದಷ್ಟು ಎಳೆತ ಹಾಕುತ್ತವೆ. ಕತ್ತು ಬಾಗದಿರಲು ಅದರೊಳಗೆ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್ ಹುದುಗಿಸಬೇಕು. ಮೊದಲ ಸಲ ಕಟ್ಟುವವರಿಗೆ ಒಂದು ಮಧ್ಯಮ ಮಾರ್ಗವಿದೆ: ಸಿದ್ಧ ಕತ್ತನ್ನು ಕೊಂಡು, ಒಡಲನ್ನು ಮಾತ್ರ ತಾವು ಮಾಡುವುದು. ಇದರಲ್ಲಿ ಅವಮಾನವೇನಿಲ್ಲ.

ಬಿರಡೆ, ಕುದುರೆ, ಪಿಕಪ್

ಇನ್ನು ಲೋಹದ ಭಾಗಗಳು. ಕೈಬಿಚ್ಚಿ ಖರ್ಚು ಮಾಡಬೇಕಾದದ್ದು ಇಲ್ಲಿ. ಬಿರಡೆಯ ಜಾಗದಲ್ಲಿ ಹಲ್ಲುಚಕ್ರದ ಟ್ಯೂನಿಂಗ್ ಕೀಗಳಿರುತ್ತವೆ. ಅಗ್ಗದ ಕೀಯಲ್ಲಿ ಹಲ್ಲುಗಳ ನಡುವೆ ಸಡಿಲ. ಶ್ರುತಿ ಕೂಡಿಸಿದ ಹಾಡೊಂದು ಮುಗಿಯುವುದರೊಳಗೆ ಇಳಿದಿರುತ್ತದೆ. ಎರಡನೆಯದಾಗಿ ತೂಕ. ಹಳೆ ಮಾದರಿಯ ದೊಡ್ಡ ಕೀ ಒಂದೊಂದೂ 100 ಗ್ರಾಂ ಸುಮಾರು. ಹಗುರ ಮಾದರಿಯದು 60. ನಾಲ್ಕಕ್ಕೆ ಉಳಿಯುವ 160 ಗ್ರಾಂ ಏನು ಮಹಾ ಎನಿಸಬಹುದು. ಆದರೆ ಅದು ಕೂತಿರುವುದು ಏತದ ಉದ್ದನೆಯ ತುದಿಯಲ್ಲಿ. ಕೈಬಿಟ್ಟೊಡನೆ ವಾದ್ಯ ತಲೆ ಕೆಳಗೆ ಹಾಕುತ್ತಿದ್ದರೆ, ನುಡಿಸುವವರ ಎಡಗೈ ಸ್ವರ ಹಿಡಿಯುವುದನ್ನು ಬಿಟ್ಟು ಕತ್ತು ಹೊರುವ ಕೂಲಿಯಾಗುತ್ತದೆ. ಹೊಸಬರ ಮಣಿಕಟ್ಟಿನ ನೋವಿಗೆ ಇದೂ ಒಂದು ಕಾರಣ. ನೆಡ್ ಸ್ಟೈನ್‌ಬರ್ಗರ್ ಎಂಬ ವಿನ್ಯಾಸಕಾರ 1980ರ ಆಸುಪಾಸಿನಲ್ಲಿ ಬಾಸ್‌ನ ತಲೆಯನ್ನೇ ತೆಗೆದುಹಾಕಿ ಕೀಗಳನ್ನು ಕುದುರೆಯ ಕಡೆಗೆ ಸಾಗಿಸಿಬಿಟ್ಟ!

ಕುದುರೆಗೆ ಇಲ್ಲಿ ಬ್ರಿಡ್ಜ್ ಎಂದು ಹೆಸರು. ಬಾಗಿಸಿದ ತಗಡಿನದೂ ಉಂಟು, ದಪ್ಪ ಎರಕದ್ದೂ ಉಂಟು. ಎರಕದ್ದರಲ್ಲಿ ನಾದ ಹೆಚ್ಚು ಹೊತ್ತು ನಿಲ್ಲುತ್ತದೆಂದು ಹೇಳುವವರಿದ್ದಾರೆ. ಕಿವಿಗೆ ಸಿಗುವ ವ್ಯತ್ಯಾಸ ಬೆಲೆಯ ವ್ಯತ್ಯಾಸದಷ್ಟಿಲ್ಲ. ಪ್ರತಿ ತಂತಿಯ ಆಸನವನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಲು ಬರುತ್ತದೆಯೇ, ಸರಿಸಿದ್ದು ಅಲುಗದೆ ನಿಲ್ಲುತ್ತದೆಯೇ ಎಂಬುದೇ ಮುಖ್ಯ. ದಪ್ಪ ತಂತಿ ಒತ್ತಿದಾಗ ಸ್ವರ ಕೊಂಚ ಏರುವುದರಿಂದ ಅದರ ಆಸನ 34 ಇಂಚಿಗಿಂತ ತುಸು ಹಿಂದೆ ಇರಬೇಕು. ಹಾಗಾಗಿ ಬ್ರಿಡ್ಜಿನ ಸ್ಕ್ರೂ ತೂತುಗಳನ್ನು ಎಲ್ಲಕ್ಕಿಂತ ಕೊನೆಗೆ, ಕತ್ತು ಕೂರಿಸಿ ಅಳೆದ ಮೇಲೆಯೇ ಕೊರೆಯುವುದು.

ಪಿಕಪ್ ವಿಷಯಕ್ಕೆ ಬಂದರೆ ನಮ್ಮ ಮನೆಯ ಕರೆಂಟೇ ಶತ್ರು. ಸೆಕೆಂಡಿಗೆ 50 ಆವರ್ತನೆಯ ಅದರ ಗುಂಯ್‌ಗುಟ್ಟುವಿಕೆಯನ್ನು ಒಂಟಿ ಸುರುಳಿಯ ಪಿಕಪ್ ಹಿಡಿದುಬಿಡುತ್ತದೆ. ಬಾಸ್‌ನ ಅತಿ ದಪ್ಪ ತಂತಿ ನುಡಿಯುವುದು 41ರಲ್ಲಿ. ಅದರ ಮೂರನೆಯ ಮೆಟ್ಟಿಲು 49ರಲ್ಲಿ. ಸ್ವರದ ಪಕ್ಕದಲ್ಲೇ ಸದ್ದು! ಫೆಂಡರ್ 1957ರಲ್ಲಿ ಸುರುಳಿಯನ್ನು ಎರಡಾಗಿ ಒಡೆದು, ಒಂದರ ಗದ್ದಲವನ್ನು ಇನ್ನೊಂದು ಅಳಿಸುವಂತೆ ಮಾಡಿದರು. ಮೊದಲ ವಾದ್ಯಕ್ಕೆ ಈ ಜೋಡಿ ಪಿಕಪ್ಪೇ ಕ್ಷೇಮ.

ಉಳಿದ ವಿದ್ಯುತ್ ಸಾಮಾನಿಗೆ ಎಸ್.ಪಿ. ರಸ್ತೆಯಿದೆ. ಎರಡು 250 ಕಿಲೋ ಓಮ್ ಪೊಟೆನ್ಷಿಯೋಮೀಟರ್, ಒಂದು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಂಗಡಿಯವರು ‘ಪಿ-38’ ಎನ್ನುವ ಕಾಲಿಂಚಿನ ಜಾಕ್: ಇಷ್ಟೇ. ಬ್ಯಾಟರಿಯ ಪ್ರಿಆಂಪ್ ಆಸೆ ಸದ್ಯಕ್ಕೆ ಬೇಡ. ಕೇಬಲ್ ಕೀಳಲು ಮರೆತರೆ ಬ್ಯಾಟರಿ ಸುಮ್ಮನೆ ಸವೆಯುತ್ತಿರುತ್ತದೆ.

ತಂತಿ ಏರಿಸಿದ ಮೇಲೆ ಕತ್ತು ಎಳೆತಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಸರಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮರುದಿನ ಮತ್ತೆ ನೋಡಬೇಕು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದ ಸ್ವರವೂ, ಅಲ್ಲಿಯೇ ಬೆರಳು ಸೋಕಿಸಿ ಹೊರಡಿಸಿದ ಸ್ವರವೂ ಒಂದಾಗುವವರೆಗೆ ಬ್ರಿಡ್ಜಿನ ಆಸನವನ್ನು ಸರಿಸುತ್ತಿರಬೇಕು. ಫೆಬ್ರುವರಿಯ ಒಣಹವೆಯಲ್ಲಿ ಸರಿಹೋದದ್ದು ಜುಲೈ ಮಳೆಯಲ್ಲಿ ಇನ್ನೊಮ್ಮೆ ಕೈ ಬೇಡುತ್ತದೆ.