ಎಚ್‌ಡಿ ಡಿವಿಡಿಯೂ ಬ್ಲೂ-ರೇಯೂ

2006ರಿಂದ 2008ರ ಫೆಬ್ರವರಿವರೆಗೆ ಅಮೆರಿಕ, ಜಪಾನ್‌ಗಳ ಅಂಗಡಿಗಳಲ್ಲಿ ಎರಡು ಬಗೆಯ ಹೈ ಡೆಫಿನಿಷನ್ ಸಿನಿಮಾ ಡಿಸ್ಕ್‌ಗಳು ಮಾರಾಟಕ್ಕಿದ್ದವು. ಒಂದು ತೋಷಿಬಾ ಮುಂದಾಳತ್ವದ ಎಚ್‌ಡಿ ಡಿವಿಡಿ. ಇನ್ನೊಂದು ಸೋನಿ, ಪ್ಯಾನಾಸೋನಿಕ್, ಫಿಲಿಪ್ಸ್ ಮುಂತಾದ ಕಂಪನಿಗಳ ಬ್ಲೂ-ರೇ. ಅಗಲ, ದಪ್ಪ ಎಲ್ಲ ಹಳೆಯ ಡಿವಿಡಿಯಷ್ಟೇ. ಆದರೆ ಒಂದರ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡುತ್ತಿರಲಿಲ್ಲ.

ಎರಡಕ್ಕೂ ಮೂಲ ಒಂದೇ: 405 ನ್ಯಾನೋಮೀಟರ್ ತರಂಗಾಂತರದ ನೀಲಿ-ನೇರಳೆ ಲೇಸರ್. ಡಿವಿಡಿ ಓದುವ ಕೆಂಪು ಲೇಸರಿನದು 650 ನ್ಯಾನೋಮೀಟರ್. ತರಂಗಾಂತರ ಕಡಿಮೆಯಾದಷ್ಟೂ ಬೆಳಕಿನ ಚುಕ್ಕೆ ಸಣ್ಣದಾಗುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಮಾಹಿತಿ ಹಿಡಿಯುತ್ತದೆ. ಭಿನ್ನಾಭಿಪ್ರಾಯ ಇದ್ದದ್ದು ಮಾಹಿತಿಯ ಪದರವನ್ನು ಎಷ್ಟು ಆಳದಲ್ಲಿ ಇಡಬೇಕು ಎಂಬಲ್ಲಿ. ಎಚ್‌ಡಿ ಡಿವಿಡಿಯಲ್ಲಿ ಅದು ಡಿವಿಡಿಯಂತೆಯೇ 0.6 ಮಿ.ಮೀ. ಒಳಗಿತ್ತು. ಹಾಗಾಗಿ ಇದ್ದ ಡಿವಿಡಿ ಕಾರ್ಖಾನೆಗಳನ್ನೇ ಅಲ್ಪಸ್ವಲ್ಪ ಬದಲಿಸಿ ಬಳಸಬಹುದಿತ್ತು. ಪದರವೊಂದಕ್ಕೆ 15 ಗಿಗಾಬೈಟ್ ಸಿಗುತ್ತಿತ್ತು. ಬ್ಲೂ-ರೇ ಅದನ್ನು ಮೇಲ್ಮೈಯಿಂದ ಬರೀ 0.1 ಮಿ.ಮೀ. ಆಳಕ್ಕೆ ತಂದು, ಬೆಳಕನ್ನು ಇನ್ನಷ್ಟು ಮೊನಚಾಗಿ ಕೇಂದ್ರೀಕರಿಸುವ ಮಸೂರ ಬಳಸಿ 25 ಗಿಗಾಬೈಟ್ ತುಂಬಿತು. ಇದಕ್ಕೆ ತೆತ್ತ ಬೆಲೆಯೂ ಇತ್ತು. ಇಷ್ಟು ತೆಳು ಹೊದಿಕೆಯ ಮೇಲೆ ಸಣ್ಣ ಗೀರು ಬಿದ್ದರೂ ಓದುವುದು ಕಷ್ಟ. ಮೊದಮೊದಲು ಡಿಸ್ಕನ್ನು ಪ್ಲಾಸ್ಟಿಕ್ ಗೂಡಿನಲ್ಲಿಟ್ಟೇ ಮಾರಬೇಕಾಯಿತು. ಗೀರು ತಡೆಯುವ ಗಟ್ಟಿ ಲೇಪನ ಬಂದ ಮೇಲಷ್ಟೇ ಗೂಡು ಹೋಯಿತು.

2005ರಲ್ಲಿ ಎರಡೂ ಬಣಗಳು ಒಂದಾಗಲು ಮಾತುಕತೆ ನಡೆಸಿದವು. ಡಿಸ್ಕಿನ ರಚನೆಯ ವಿಚಾರದಲ್ಲಿ ಯಾರೂ ಪಟ್ಟು ಸಡಿಲಿಸಲಿಲ್ಲ.

ಮಾರುಕಟ್ಟೆಗೆ ಮೊದಲು ಬಂದದ್ದು ಎಚ್‌ಡಿ ಡಿವಿಡಿ. 2006ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೋಷಿಬಾ ಪ್ಲೇಯರಿಗೆ 499 ಡಾಲರ್; ಎರಡು ತಿಂಗಳ ನಂತರ ಬಂದ ಸ್ಯಾಮ್‌ಸಂಗ್‌ನ ಬ್ಲೂ-ರೇ ಪ್ಲೇಯರಿಗೆ 999 ಡಾಲರ್. ಬೆಲೆಯೊಂದೇ ಲೆಕ್ಕಕ್ಕೆ ಬರುವುದಾಗಿದ್ದರೆ ತೋಷಿಬಾ ಗೆಲ್ಲಬೇಕಿತ್ತು. ಆದರೆ ಅದೇ ನವೆಂಬರ್‌ನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3 ಆಟದ ಯಂತ್ರದೊಳಗೇ ಬ್ಲೂ-ರೇ ಡ್ರೈವ್ ಇಟ್ಟಿತು. ಆಟವಾಡಲು ಯಂತ್ರ ಕೊಂಡವರ ಮನೆಗೆ ಬ್ಲೂ-ರೇ ತಾನಾಗಿಯೇ ಹೊಕ್ಕಿತು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಡ್ರೈವನ್ನು ಬೇರೆಯಾಗಿ 199 ಡಾಲರಿಗೆ ಮಾರಿತು. ದುಡ್ಡು ಕೊಟ್ಟು ಜೋಡಿಸಿಕೊಳ್ಳಬೇಕಾದ ಸಾಧನ ಅಷ್ಟು ದೂರ ಹೋಗುವುದಿಲ್ಲ.

ಚಿತ್ರದ ಗುಣಮಟ್ಟದಲ್ಲಿ ಸಾಮಾನ್ಯ ನೋಡುಗರಿಗೆ ತಿಳಿಯುವಂಥ ವ್ಯತ್ಯಾಸ ಇರಲಿಲ್ಲ ಎನ್ನಬೇಕು. ವಿಡಿಯೊ ಕುಗ್ಗಿಸುವ ತಂತ್ರಗಳೂ ಎರಡರಲ್ಲೂ ಒಂದೇ. ತೀರ್ಪು ಇದ್ದದ್ದು ಹಾಲಿವುಡ್ ಸ್ಟುಡಿಯೊಗಳ ಕೈಯಲ್ಲಿ. ಡಿಸ್ನಿ, ಫಾಕ್ಸ್ ಬ್ಲೂ-ರೇ ಕಡೆಗಿದ್ದವು, ಯೂನಿವರ್ಸಲ್ ಎಚ್‌ಡಿ ಡಿವಿಡಿ ಕಡೆಗೆ. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಕೂಡ ಅತ್ತ ವಾಲಿತು. ಎರಡರಲ್ಲೂ ಸಿನಿಮಾ ಹೊರತರುತ್ತಿದ್ದ ವಾರ್ನರ್, 2008ರ ಜನವರಿ 4ರಂದು ಇನ್ನು ಬ್ಲೂ-ರೇ ಮಾತ್ರ ಎಂದಾಗ ಪಂದ್ಯ ಮುಗಿದಂತಾಯಿತು. ಲಾಸ್ ವೇಗಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ನಡೆಯಬೇಕಿದ್ದ ಪತ್ರಿಕಾಗೋಷ್ಠಿಯನ್ನು ಎಚ್‌ಡಿ ಡಿವಿಡಿ ಬಣ ರದ್ದುಮಾಡಿತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ವಾಲ್‌ಮಾರ್ಟ್ ಕೂಡ ಕೈಬಿಟ್ಟವು. 19ರಂದು ತೋಷಿಬಾ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಯಾವುದನ್ನೂ ಕೊಳ್ಳದೆ ಕಾದು ಕುಳಿತವರೇ ಜಾಣರು.

ಮರುವರ್ಷ ತೋಷಿಬಾವೇ ಬ್ಲೂ-ರೇ ಪ್ಲೇಯರ್ ಮಾರಲು ಇಳಿಯಿತು. ಗೆದ್ದ ಬ್ಲೂ-ರೇಗೂ ಡಿವಿಡಿಯಷ್ಟು ಬಳಕೆ ದಕ್ಕಲಿಲ್ಲ. ಪೈಪೋಟಿಯ ನಡುವೆಯೇ, 2007ರ ಜನವರಿಯಲ್ಲಿ, ನೆಟ್‌ಫ್ಲಿಕ್ಸ್ ಇಂಟರ್ನೆಟ್ ಮೂಲಕ ಸಿನಿಮಾ ತೋರಿಸಲು ಆರಂಭಿಸಿತ್ತು. 2019ರಲ್ಲಿ ಸ್ಯಾಮ್‌ಸಂಗ್, ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರ್‌ಗಳನ್ನು ತರುವುದಿಲ್ಲ ಎಂದು ತಿಳಿಸಿತು.