ಮೊದಲ ಲ್ಯಾಪ್‌ಟಾಪ್: ಅಂಗಳ ಎಷ್ಟು, ಅಟ್ಟ ಎಷ್ಟು?

ಪಂಪ್‌ಸೆಟ್ ತೆಗೆದುಕೊಳ್ಳುವಾಗ ನಾವು ಅಂಗಡಿಯವರನ್ನು ಅರ್ಧ ದಿನ ಕಾಡುತ್ತೇವೆ. ಎಷ್ಟು ಎಚ್‌ಪಿ, ಎಷ್ಟು ಎತ್ತರಕ್ಕೆ ನೀರು ಹಾಕ್ತದೆ, ವೋಲ್ಟೇಜ್ ಇಳಿದರೆ ಸುಟ್ಟು ಹೋಗ್ತದಾ, ವೈಂಡಿಂಗ್ ಎಲ್ಲಿ ಮಾಡಿಸುವುದು - ಒಂದೂ ಬಿಡುವುದಿಲ್ಲ. ಅದೇ ನಲವತ್ತು-ಐವತ್ತು ಸಾವಿರ ಕೊಟ್ಟು ಲ್ಯಾಪ್‌ಟಾಪ್ ತರುವಾಗ? ಬಣ್ಣ ನೋಡಿ, ಕಂಪೆನಿ ಹೆಸರು ನೋಡಿ, "ಇದು ಲೇಟೆಸ್ಟ್ ಅಣ್ಣ, ಎಲ್ಲ ಉಂಟು ಇದ್ರಲ್ಲಿ" ಎಂಬ ಮಾತು ಕೇಳಿ ವ್ಯಾಪಾರ ಮುಗಿಸುತ್ತೇವೆ. ಒಂದು ಕ್ವಿಂಟಾಲ್ ಚಾಲಿ ಅಡಿಕೆಯ ಹೆಚ್ಚಿನ ದುಡ್ಡು ಅಲ್ಲಿಗೆ ಹೋಗುತ್ತದೆ. ಹಾಗಾಗಿ ಪಂಪಿಗೆ ಕೇಳುವಷ್ಟಾದರೂ ಪ್ರಶ್ನೆ ಇದಕ್ಕೂ ಕೇಳಬೇಕು.

ಲ್ಯಾಪ್‌ಟಾಪಿನೊಳಗೆ ಮುಖ್ಯವಾದದ್ದು ಮೂರು. ಪ್ರೊಸೆಸರ್ ಎಂದರೆ ಕೆಲಸದಾಳು. ರ‍್ಯಾಮ್ ಎಂದರೆ ಅಂಗಳ. ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಎಂದರೆ ಅಟ್ಟ. ಅಟ್ಟದಲ್ಲಿ ಎಷ್ಟು ಗೋಣಿ ಇದ್ದರೂ ಕೆಲಸ ಆಗುವುದು ಅಂಗಳದಲ್ಲಿ ಹರಡಿದ ಮೇಲೆ. ಅಂಗಳ ಸಣ್ಣದಾದರೆ ಆಳು ಎಷ್ಟು ಚುರುಕಾಗಿದ್ದರೂ ಇಳಿಸುವುದು, ಹತ್ತಿಸುವುದು, ಇದರಲ್ಲೇ ಹೊತ್ತು ಹೋಗುತ್ತದೆ. 'ಲ್ಯಾಪ್‌ಟಾಪ್ ಸ್ಲೋ' ಎಂದು ನಾವು ಬೈಯುವುದರಲ್ಲಿ ಹೆಚ್ಚಿನದ್ದು ಈ ಹತ್ತಿಸಿ ಇಳಿಸುವ ಕೆಲಸ.

ನೆಲ್ಯಾಡಿಯ ನಮ್ಮ ನೆರೆಮನೆಗೆ ಮೊದಲ ಲ್ಯಾಪ್‌ಟಾಪ್ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಮಗಳಿಗೆ ಆನ್‌ಲೈನ್ ಕ್ಲಾಸ್. ಹತ್ತನೇ ತಲೆಮಾರಿನ ಐ3 ಪ್ರೊಸೆಸರ್, ರ‍್ಯಾಮ್ ಬರೀ 4 ಜಿಬಿ, 1 ಟಿಬಿ ಹಾರ್ಡ್ ಡಿಸ್ಕ್. ಒಂದು ಟಿಬಿ ಎಂದು ಕೇಳಿಯೇ ಯಜಮಾನರು ಖುಷಿಪಟ್ಟಿದ್ದರು. ಆನ್ ಮಾಡಿ ಹಟ್ಟಿಗೆ ಹೋಗಿ ಹಾಲು ಕರೆದು ಬಂದರೂ ಅದು ಸುತ್ತುತ್ತಲೇ ಇರುತ್ತಿತ್ತು. ಹುಡುಗಿ ಕ್ಲಾಸೆಲ್ಲ ಮೊಬೈಲಿನಲ್ಲೇ ಕೇಳಿದಳು. 2023ರಲ್ಲಿ ಅವಳು ಬಿಸಿಎ ಸೇರಿದಾಗ ಹೊಸದು ತೆಗೆಯುವ ಮಾತು ಬಂತು. ಹಳೆಯದಕ್ಕೆ ಅಂಗಡಿಯವರು ಎಂಟು ಸಾವಿರ ಎಂದರು. ಕೊಡುವ ಮೊದಲು ಹಿಂದಿನ ಮುಚ್ಚಳ ಬಿಚ್ಚಿಸಿ ನೋಡಿದರೆ ಒಂದು ರ‍್ಯಾಮ್ ಸ್ಲಾಟ್ ಖಾಲಿ! 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಹಾಕಿಸಿದರು. ಕೂಲಿ ಸೇರಿ ಸುಮಾರು ಐದು ಸಾವಿರ ಆಯಿತು. ಈಗ ಅರ್ಧ ನಿಮಿಷದೊಳಗೆ ತೆರೆಯುತ್ತದೆ. ಮೂರು ವರ್ಷದ ಕಾಲೇಜು ಅದರಲ್ಲೇ ನಡೆಯಿತು. ಸ್ಲಾಟ್ ಇಲ್ಲದಿದ್ದರೆ ಇಷ್ಟು ಸುಲಭವಾಗಿ ಆಗುತ್ತಿರಲಿಲ್ಲ.

ಬೆಸುಗೆಯೋ, ಸ್ಲಾಟೋ?

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ತೆಳ್ಳಗೆ, ಹಗುರಕ್ಕೆ ಇರುವ ಮಾಡೆಲ್‌ಗಳಲ್ಲಿ ಇದು ಜಾಸ್ತಿ. ಪಟ್ಟಿಯಲ್ಲಿ 'ಎಲ್‌ಪಿಡಿಡಿಆರ್' ಎಂದು ಬರೆದಿದ್ದರೆ ಬೆಸುಗೆ ಎಂದೇ ತಿಳಿದುಕೊಳ್ಳಿ. 8 ಜಿಬಿ ತೆಗೆದುಕೊಂಡರೆ ಅದರ ಆಯುಷ್ಯ ಮುಗಿಯುವವರೆಗೂ 8 ಜಿಬಿಯೇ. ಇನ್ನು ಕೆಲವಲ್ಲಿ ಅರ್ಧ ಬೆಸುಗೆ, ಒಂದು ಸ್ಲಾಟ್. ಮತ್ತೆ ಕೆಲವಲ್ಲಿ ಎರಡು ಸ್ಲಾಟ್. ನಮ್ಮಂಥವರಿಗೆ ಈ ಕೊನೆಯ ಎರಡು ಜಾತಿ ಒಳ್ಳೆಯದು.

ಮಾರುವವರಿಗೇ ಗೊತ್ತಿಲ್ಲದಿದ್ದರೆ ಡೆಮೊಗೆ ಇಟ್ಟ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಎಂದು ತೋರಿಸುತ್ತದೆ. ಇಲ್ಲಿ ಒಂದು ಮೋಸ ಉಂಟು. ಬೆಸುಗೆಯ ಚಿಪ್ಪನ್ನೂ ಅದು ಸ್ಲಾಟ್ ಎಂದು ಲೆಕ್ಕ ಹಾಕಬಹುದು. ಅದಕ್ಕೆ ಕೆಳಗಿನ 'ಫಾರ್ಮ್ ಫ್ಯಾಕ್ಟರ್' ಎಂಬ ಸಾಲು ನೋಡಿ. 'ಎಸ್ಒಡಿಐಎಂಎಂ' ಎಂದಿದ್ದರೆ ಬಿಚ್ಚುವಂಥದ್ದು, 'ರೋ ಆಫ್ ಚಿಪ್ಸ್' ಎಂದಿದ್ದರೆ ಬೆಸುಗೆ. ಡಿಡಿಆರ್4, ಡಿಡಿಆರ್5 ಯಾವುದು ಎಂದೂ ಬರೆದುಕೊಳ್ಳಿ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ.

ಎಷ್ಟು ಬೇಕು? ವಿಂಡೋಸ್ 11ಕ್ಕೆ 4 ಜಿಬಿ ಸಾಕೆಂದು ಮೈಕ್ರೋಸಾಫ್ಟ್‌ನವರ ಪಟ್ಟಿ ಹೇಳುತ್ತದೆ. ಅದು ಆನ್ ಆಗುವುದಕ್ಕೆ ಸಾಕು, ಕೆಲಸ ಮಾಡುವುದಕ್ಕಲ್ಲ. ಕೂಲಿ ಲೆಕ್ಕ, ಪಹಣಿ, ಮಕ್ಕಳ ಪ್ರಾಜೆಕ್ಟ್ ಇಷ್ಟಕ್ಕೆ 8 ಜಿಬಿ ಈಗ ನಡೆಯುತ್ತದೆ, ನಾಲ್ಕೈದು ವರ್ಷದ ಬಾಳಿಕೆ ನೋಡುವವರಿಗೆ 16. "ಈಗ 8 ತಗೊಂಡು ಮತ್ತೆ ಕಡಿಮೆಗೆ ಸೇರಿಸುವ" ಎಂಬ ಲೆಕ್ಕ ಮೊದಲು ಸರಿ ಇತ್ತು. ಆದರೆ 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಚಿಪ್ಪುಗಳನ್ನು ಬಾಚಿಕೊಂಡ ಕಾರಣ ರ‍್ಯಾಮಿನ ಧಾರಣೆ ಒಮ್ಮೆಲೇ ಏರಿತು, ಎಸ್‌ಎಸ್‌ಡಿಯದ್ದೂ ಏರಿತು. ಧಾರಣೆಯ ಏರಿಳಿತ ಅಡಿಕೆಯವರಿಗೆ ಹೊಸದೇನಲ್ಲ. ತೆಗೆಯುವ ದಿನ 16 ಜಿಬಿ ಮಾಡೆಲಿಗೂ ಬಿಡಿ ರ‍್ಯಾಮಿಗೂ ಎರಡಕ್ಕೂ ದರ ಕೇಳಿ ತಾಳೆ ನೋಡುವುದು. ವ್ಯತ್ಯಾಸ ಭಾರೀ ಇದ್ದರೆ 8 ಜಿಬಿಯದ್ದನ್ನೇ ತನ್ನಿ, ಆದರೆ ಖಾಲಿ ಸ್ಲಾಟ್ ಇರಲೇಬೇಕು.

ಅಟ್ಟದ ವಿಷಯ ಸುಲಭ. ಎಸ್‌ಎಸ್‌ಡಿಯೇ ಆಗಬೇಕು, 512 ಜಿಬಿ ಇದ್ದರೆ ಧಾರಾಳ. ತೀರಾ ಕಡಿಮೆ ದರದವುಗಳಲ್ಲಿ ಇಎಂಎಂಸಿ ಎಂದು 64 ಅಥವಾ 128 ಜಿಬಿಯದ್ದು ಇರುತ್ತದೆ. ಅದೂ ಬೆಸುಗೆಯದ್ದು, ನಿಧಾನ. ಬೇಡ.

ಪ್ರೊಸೆಸರ್: ಹೆಸರಿನ ಗೊಂದಲ

ಪ್ರೊಸೆಸರ್ ಮಾತ್ರ ಅಡಿಕೆ ಸಸಿಯ ಹಾಗೆ. ಒಮ್ಮೆ ನೆಟ್ಟ ಮೇಲೆ ಬದಲಾಯಿಸುವ ಹಾಗಿಲ್ಲ, ಗೊಬ್ಬರ ಎಷ್ಟು ಹಾಕಿದರೂ ತಳಿ ಅದೇ. ಕಂಪೆನಿಗಳು ಇಟ್ಟ ಹೆಸರೋ, ದೇವರಿಗೇ ಪ್ರೀತಿ. ಐ3 ಎಂದರೆ ಎಲ್ಲವೂ ಒಂದೇ ಅಲ್ಲ. ಇಂಟೆಲ್‌ನ ಐ3-1215ಯು ಎಂಬುದರಲ್ಲಿ ಎರಡು ದೊಡ್ಡ, ನಾಲ್ಕು ಸಣ್ಣ ಕೋರ್‌ಗಳು. ಐ3-ಎನ್305ರಲ್ಲಿ ಎಂಟು ಇದ್ದರೂ ಎಲ್ಲ ಸಣ್ಣವೇ. ಎನ್100ರಲ್ಲಿ ಬರೀ ನಾಲ್ಕು ಸಣ್ಣ ಕೋರ್. ಲೆಕ್ಕ ಬರೆಯಲು ಆದೀತು, ಕಾಲೇಜಿನವರಿಗೆ ಸಾಲದು.

ಎಎಂಡಿಯವರ ರೈಝನ್ 7000 ಸರಣಿಯಲ್ಲಿ ಮೂರನೆಯ ಅಂಕಿ ನೋಡಬೇಕು. 7520ಯು ಎಂದಿದ್ದರೆ ಮೂರನೆಯದು 2. ಮಾರಾಟದ ಹೆಸರು ಹೊಸದು, ಒಳಗಿನ ವಿನ್ಯಾಸ ಮಾತ್ರ 2019ರ ಕಾಲದ್ದು. ಅದಕ್ಕೆ ಬರುವುದು ಬೆಸುಗೆಯ ರ‍್ಯಾಮ್ ಮಾತ್ರ. 7530ಯು ಆದರೆ ಒಂದು ತಲೆಮಾರು ಮುಂದೆ. ಹತ್ತು ಸಂಖ್ಯೆಯ ವ್ಯತ್ಯಾಸದಲ್ಲಿ ಇಷ್ಟು ಅಡಗಿದೆ!

ಕೊನೆಯ ಅಕ್ಷರ 'ಯು' ಆದರೆ ಕರೆಂಟು ಕಡಿಮೆ ತಿನ್ನುವ ಜಾತಿ, ಸುಮಾರು 15 ವಾಟಿನದ್ದು. 'ಎಚ್' ಆದರೆ 45 ವಾಟಿನದ್ದು. ಆಟ ಆಡುವವರಿಗೆ, ವಿಡಿಯೋ ಎಡಿಟ್ ಮಾಡುವವರಿಗೆ ಎಚ್ ಬೇಕು. ನಮಗೆ ಯು ಸಾಕು. ಯಾಕೆಂದರೆ ಮಳೆಗಾಲ. ಲೈನಿಗೆ ಮರ ಬಿದ್ದು ಕರೆಂಟು ಹೋದರೆ ಬ್ಯಾಟರಿಯೇ ಗತಿ. ಬ್ಯಾಟರಿಯ ಗಾತ್ರ ವಾಟ್-ಅವರ್‌ನಲ್ಲಿ ಬರೆದಿರುತ್ತಾರೆ. 42 ವಾಟ್-ಅವರ್ ಇದ್ದು ಬರೆಯುವ ಓದುವ ಕೆಲಸಕ್ಕೆ ಯಂತ್ರ 8 ವಾಟ್ ಎಳೆದರೆ ಐದು ಗಂಟೆ ಬಂತು. 20 ವಾಟ್ ಎಳೆಯುವಂಥದ್ದಾದರೆ ಎರಡೇ ಗಂಟೆ. 'ಹತ್ತು ಗಂಟೆ ಬ್ಯಾಟರಿ' ಎಂಬ ಜಾಹೀರಾತನ್ನು ಈ ಭಾಗಾಕಾರದಲ್ಲಿ ಹಾಕಿ ನೋಡಿ.

ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಸಂಜೆ ಸಿಡಿಲು ಶುರುವಾದರೆ ಚಾರ್ಜರ್ ಪಿನ್ನು ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಮೋಡೆಮಿನಿಂದ ಲ್ಯಾಪ್‌ಟಾಪಿಗೆ ವಯರ್ ಎಳೆದಿದ್ದರೆ ಅದನ್ನೂ ತೆಗೆಯಬೇಕು. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಬಾರದು, ಆದರೆ ಮೋಡೆಮಿನ ಅಡಾಪ್ಟರ್ ಇರುವುದು ಕರೆಂಟಿನಲ್ಲೇ ಅಲ್ಲವೇ. ವೈಫೈಯಲ್ಲಿ ಈ ಉಪದ್ರ ಇಲ್ಲ. ಮೂರು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಮೈ ಮುಟ್ಟಿ ಜುಮ್ಮೆಂದರೆ ಮನೆಯ ಅರ್ತಿಂಗ್ ನೋಡಿಸಿ. ಆಟಿ ತಿಂಗಳಲ್ಲಿ ಬ್ಯಾಗಿನೊಳಗೆ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ. ದಿನಕ್ಕೆ ಒಂದು ಗಂಟೆ ಓಡಿಸಿದರೆ ಅದರ ಬಿಸಿಗೇ ಒಳಗೆ ಒಣಗುತ್ತದೆ. ಪಕ್ಕದಲ್ಲಿ ಬೆಲ್ಲದ ಕಾಫಿ ಬೇಡ, ಇರುವೆ ಕೀಬೋರ್ಡಿನೊಳಗೆ ಸಂಸಾರ ಹೂಡುತ್ತದೆ.

ಸೆಕೆಂಡ್ ಹ್ಯಾಂಡ್ ಆಗದೇ? ಆಗಬಹುದು. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳು ಒಂದೆರಡು ಬಿಟ್ಟರೆ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಹನ್ನೆರಡು ಸಾವಿರಕ್ಕೆ ಸಿಗುವ ಆಫೀಸು ಲ್ಯಾಪ್‌ಟಾಪ್‌ಗಳಲ್ಲಿ ಆರು-ಏಳನೇ ತಲೆಮಾರಿನವು ಇರುತ್ತವೆ. ಲಿನಕ್ಸ್ ಹಾಕಿಕೊಳ್ಳುವ ಹುಡುಗರು ಮನೆಯಲ್ಲಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಕನ್ನಡ ಬರೆಯಲು ಬೇರೆ ಖರ್ಚಿಲ್ಲ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಉಂಟು, ನುಡಿ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರ ಕೀಲಿ ವಿನ್ಯಾಸದ ಮೂಲ ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ. ಪಿ. ರಾಯರದ್ದು. ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್ ಕೂಡಾ ಪುಕ್ಕಟೆ.

ದುಡ್ಡು ಕೊಡುವ ಮೊದಲು ಇನ್ನೆರಡು ಕೇಳಿ. ರಿಪೇರಿಗೆ ಮನೆಗೇ ಬರ್ತಾರಾ, ಅಥವಾ ನಾವೇ ಮಂಗಳೂರಿಗೆ ಹೊತ್ತುಕೊಂಡು ಹೋಗಬೇಕಾ? ಮನೆಗೆ ಬರುವ ವಾರಂಟಿ ಎಂದು ಬರೆದಿದ್ದರೂ ನಮ್ಮ ಪಿನ್‌ಕೋಡಿಗೆ ಅದು ಉಂಟೋ ಎಂದು ಕಂಪೆನಿಗೇ ಫೋನ್ ಮಾಡಿ ಕೇಳಬೇಕು. ರ‍್ಯಾಮ್ ಸೇರಿಸಲು ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗ್ತದಾ ಎಂಬುದಕ್ಕೂ ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬ್ರ ಬರೆಸಿ, ಅದನ್ನು ಅಡಿಯಲ್ಲಿರುವ ನಂಬ್ರಕ್ಕೆ ಅಂಗಡಿಯಲ್ಲೇ ತಾಳೆ ನೋಡಿ. ಆ ನಂಬ್ರ ಹಾಕಿ ಕಂಪೆನಿಯ ತಾಣದಲ್ಲಿ ವಾರಂಟಿ ಎಂದಿನಿಂದ ಶುರುವಾಗಿದೆ ಎಂದು ನೋಡಬಹುದು. ಗೋಡೌನಿನಲ್ಲಿ ಕೂತ ತಿಂಗಳುಗಳು ಅದರಲ್ಲಿ ಸೇರಿದ್ದರೆ ಬಿಲ್ ಕಳಿಸಿ ತಾರೀಕು ಸರಿ ಮಾಡಿಸಲು ಕೇಳಬೇಕು.